ಕನಿಯಕ್ಕನ ಹೆಬ್ಬೆರಳು

ಶಿವಕಾಶಿಯ ಕ್ಯಾಲೆಂಡರ್ ಕೆಲಸದವರು ಆಡಿ ತಿಂಗಳು, ಅಂದರೆ ಆಷಾಢ, ಕಳೆದ ಮೇಲೆ ಈ ವರ್ಷದಲ್ಲಿ ಇರುವುದೇ ಇಲ್ಲ. ಮೈ ಇಲ್ಲಿ, ತಲೆ ಮುಂದಿನ ವರ್ಷದಲ್ಲಿ. ಚಹಾದಂಗಡಿಯ ಬೆಂಚಿನ ಮೇಲೆ ಕೂತು, "ಈ ಸಲ ದೀಪಾವಳಿ ಭಾನುವಾರ ಬಂದು ಒಂದು ರಜಾ ಹಾಳಾಯ್ತು" ಎಂದು ಗೊಣಗುವವನನ್ನು ಹೊರಗಿನವರು ಪಿಳಿಪಿಳಿ ನೋಡಬೇಕು. ಈ ವರ್ಷದ ದೀಪಾವಳಿಯೇ ಇನ್ನೂ ಬಂದಿರುವುದಿಲ್ಲ. ಹೊಸ ವರ್ಷ ನಿಜವಾಗಿ ಕಾಲಿಡುವ ಹೊತ್ತಿಗೆ ಇವರ ಪಾಲಿಗೆ ಅದು ಹಳಸಿದ ಅನ್ನ.

ಪುಷ್ಪಕನಿ ಹೀಗೆ ಒಂದು ವರ್ಷ ಮುಂದೆ ಬದುಕತೊಡಗಿ ಮೂವತ್ತು ವರ್ಷ ಮೀರಿತ್ತು. ಪವಳಂ ಆಫ್‌ಸೆಟ್ ಎಂಬ ಅಚ್ಚುಮನೆಯಲ್ಲಿ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಪುಟ ಕಟ್ಟುವವಳು ಅವಳು. ಮೊದಲು ಸೀಸದ ಮೊಳೆ ಜೋಡಿಸುತ್ತಿದ್ದಳು, ಆಮೇಲೆ ಕಂಪ್ಯೂಟರಿಗೆ ಬಂದಳು. ತಿಥಿ, ನಕ್ಷತ್ರ, ರಾಹುಕಾಲ, ಯಮಗಂಡ, ಮದುವೆಗೆ ಮುಹೂರ್ತವಿದ್ದರೆ ಅದೊಂದು ಸಾಲು. ಜೋಯಿಸರು ಬರೆದುಕೊಟ್ಟ ಪಂಚಾಂಗ ಎಡಗಡೆ ಇರುತ್ತಿತ್ತು, ಕಣ್ಣು ಅದರ ಮೇಲೆ. ಕೈ ತನ್ನಷ್ಟಕ್ಕೆ ಕೀಬೋರ್ಡಿನ ಮೇಲೆ ಓಡುತ್ತಿತ್ತು. ಕೀಬೋರ್ಡನ್ನು ಅವಳು ನೋಡಿದ್ದನ್ನು ಯಾರೂ ನೋಡಿರಲಿಲ್ಲ. ಹೋದ ಸೋಮವಾರದ ರಾಹುಕಾಲವನ್ನು ಈ ಸೋಮವಾರಕ್ಕೆ ಎತ್ತಿಡಬೇಕೆಂದರೆ ಎಡಗೈ ಹೆಬ್ಬೆರಳು ಸ್ಪೇಸ್ ಪಟ್ಟಿಯ ಪಕ್ಕದ ಕಮಾಂಡ್ ಕೀ ಮೇಲೆ ಕೂರುತ್ತಿತ್ತು, ಇನ್ನೊಂದು ಬೆರಳು ಕಾಪಿ, ಮತ್ತೆ ಪೇಸ್ಟ್, ಮುಗಿಯಿತು. ಅವಳು ಕಟ್ಟಿದ ಪುಟವನ್ನು ಮತ್ತೊಬ್ಬರು ತಿದ್ದಿ ನೋಡುವ ರೂಢಿ ಇರಲಿಲ್ಲ. ಕನಿಯಕ್ಕ "ಓಡಲಿ" ಅಂದರೆ ಮಷೀನು ಓಡುತ್ತಿತ್ತು.

ಮದುವೆಯಾಗಲಿಲ್ಲ. ತಾಯಿಯನ್ನು ನೋಡಿಕೊಂಡಳು. ತಾಯಿಗೆ ಕೊನೆಯ ಕೆಲವು ವರ್ಷ ಅರಳು ಮರಳು. ಕಾಫಿಗೆ ಉಪ್ಪು ಹಾಕುವುದು, ಸತ್ತ ಗಂಡ ಊಟಕ್ಕೆ ಬರಲಿಲ್ಲವೆಂದು ಬಾಗಿಲಲ್ಲಿ ಕೂರುವುದು, ಕಡೆಗೆ ಮಗಳನ್ನೇ "ಯಾರಮ್ಮ ನೀನು" ಎಂದು ಕೇಳುವುದು. ಅದು ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ ಎಂದು ಪುಷ್ಪಕನಿಗೆ ಹೆಜ್ಜೆ ಹೆಜ್ಜೆ ಗೊತ್ತಿತ್ತು. ಜಗತ್ತಿನಲ್ಲಿ ಅವಳು ಹೆದರುತ್ತಿದ್ದುದು ಅದೊಂದಕ್ಕೇ. ಬಡತನಕ್ಕಲ್ಲ, ಸಾವಿಗಲ್ಲ.

ಅಚ್ಚುಮನೆಯ ಹಳೆಯ ಯಜಮಾನರು ತೀರಿಕೊಂಡ ಮೇಲೆ ಅದು ಇಬ್ಬರು ಗಂಡುಮಕ್ಕಳದಾಯಿತು. ದೊಡ್ಡವನು ಮಾರೀಶ್ವರನ್, ಚಿಕ್ಕವನು ಕಾಳಿರಾಜನ್. ಇಬ್ಬರನ್ನೂ ಚಡ್ಡಿ ಹಾಕುವ ಕಾಲದಿಂದ ನೋಡಿದವಳು. ಶಾಲೆ ಬಿಟ್ಟು ಬಂದವರಿಗೆ ಮೂಗು ಒರೆಸಿ, ಸಾಲ್ನದ ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನಿಸಿ, ಕಾಗದದ ರೀಮಿನ ಮೇಲೆ ಮಲಗಿಸಿದವಳು. ಅವಳಿಗೆ ಅವರು ಈಗಲೂ ದೊಡ್ಡ ತಂಬಿ, ಚಿಕ್ಕ ತಂಬಿ. ತಂದೆಯ ಹದಿನಾರನೆಯ ದಿನದ ಊಟ ಅರಗುವ ಮೊದಲೇ, ಅಪ್ಪನ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಜಗಳ ಹತ್ತಿ ಇಬ್ಬರೂ ಮಾತು ಬಿಟ್ಟರು. ಮನೆಗೆ ಗೋಡೆ ಎದ್ದಿತು. ಅಚ್ಚುಮನೆಗೆ ಗೋಡೆ ಹಾಕಿದರೆ ಮಷೀನು ಅರ್ಧ ಆಗುತ್ತದೆ, ಆದ್ದರಿಂದ ಹೊತ್ತಿಗೆ ಗೋಡೆ ಹಾಕಿದರು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ದೊಡ್ಡವನು, ಆಮೇಲಿನಿಂದ ಬಾಗಿಲು ಹಾಕುವವರೆಗೆ ಚಿಕ್ಕವನು. ಮುಖ ಮುಖ ನೋಡುವಂತಿಲ್ಲ.

ನಡುವೆ ಮಾತು ಹೊರುವ ಕೆಲಸ ಕನಿಯಕ್ಕನ ತಲೆಗೆ ಬಿತ್ತು. "ಅಕ್ಕ, ಮಸಿ ಮುಗೀತಾ ಬಂತು ಅಂತ ಅವನಿಗೆ ಹೇಳ್ಬಿಡಿ." "ಅಕ್ಕ, ತೆಂಕಾಶಿ ಆರ್ಡರು ಅವನೇ ನೋಡ್ಕೊಳ್ಳಿ ಅಂತ ಹೇಳಿ, ನನಗಾಗಲ್ಲ." ಅದಕ್ಕೊಂದು ಕಟ್ಟಳೆಯೂ ಬೆಳೆಯಿತು: ಯಾವ ಸಂಗತಿಯಾದರೂ ಇಬ್ಬರಿಗೂ ಹೇಳಬೇಕು, ಒಂದೇ ಮಾತಿನಲ್ಲಿ ಹೇಳಬೇಕು. ಒಬ್ಬನಿಗೆ ಮಾತ್ರ ಹೇಳಿದಳು ಅಂತಾದರೆ ಇನ್ನೊಬ್ಬನ ಮುಖ ಒಂದು ವಾರ ಊದಿರುತ್ತಿತ್ತು. ಇವರಿಬ್ಬರೂ ಮಾತಾಡುವಂತಾದರೆ ಬರಿಗಾಲಲ್ಲಿ ಇರುಕ್ಕನ್‌ಗುಡಿ ಮಾರಿಯಮ್ಮನಲ್ಲಿಗೆ ನಡೆದು ಬರುತ್ತೇನೆಂದು ಅವಳು ಹರಕೆ ಹೊತ್ತಿದ್ದಳು.

ಆಯುಧಪೂಜೆಯ ದಿನ ಮಷೀನುಗಳಿಗೆಲ್ಲ ಗಂಧ ಕುಂಕುಮ ಇಟ್ಟರು. ಕುಂಬಳಕಾಯಿ ಒಡೆದರು. ಆ ಸಂಭ್ರಮದಲ್ಲಿ ಯಾರೋ ಪುಣ್ಯಾತ್ಮರು ಕನಿಯಕ್ಕನ ಕೀಬೋರ್ಡಿಗೆ ಗಂಧದ ನೀರನ್ನು ಧಾರಾಳವಾಗಿಯೇ ಪ್ರೋಕ್ಷಿಸಿದ್ದರು. ದೇವರು ಸಂತೋಷಪಟ್ಟನೋ ಇಲ್ಲವೋ, ಕೀಬೋರ್ಡು ಸತ್ತಿತು. ಮಾರೀಶ್ವರನ್ ವಿರುದುನಗರದಿಂದ ಹೊಸದೊಂದು ತಂದುಕೊಟ್ಟ. "ಎರಡು ಜಾತಿ ಕಂಪ್ಯೂಟರಿಗೂ ಆಗತ್ತೆ ಅಕ್ಕ, ಒಳ್ಳೆ ಮಾಲು" ಎಂದ. ಕಾಳಿರಾಜನ್ ಸಂಜೆ ಬಂದು ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಯಾರ ಆಯ್ಕೆ ಅಂತ ಕೇಳೋದೇ ಬೇಡ" ಎಂದ. ಆ ಮಾತನ್ನು ಅವಳು ದೊಡ್ಡವನಿಗೆ ಮುಟ್ಟಿಸಲಿಲ್ಲ.

ಮೊದಲ ಬೆಳಗ್ಗೆಯೇ ಕೈ ತಪ್ಪಿತು. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಒಂದು ಹಾಳೆಯಲ್ಲಿ ರಾಹುಕಾಲದ ಸಾಲನ್ನು ಗುರುತು ಮಾಡಿ ಕಾಪಿ ಒತ್ತಿದಳು. ತಲೆ ಎತ್ತಿ ಪರದೆ ನೋಡಿದರೆ ಸಾಲೇ ಇಲ್ಲ. ಅದರ ಜಾಗದಲ್ಲಿ ಯಾವುದೋ ಒಂಟಿ ಅಕ್ಷರ ಕೂತಿತ್ತು. ಹಿಂದಕ್ಕೆ ತರೋಣವೆಂದು ಒತ್ತಿದರೆ ಇನ್ನೊಂದು ಅಕ್ಷರ ಬಂದು ಪಕ್ಕದಲ್ಲಿ ಕೂತಿತು. ಕೀಬೋರ್ಡನ್ನು ಬಗ್ಗಿ ನೋಡಿದಳು. ಹೆಬ್ಬೆರಳು ಅದರ ಜಾಗದಲ್ಲೇ ಇತ್ತು. ಒಂದು ಮನೆ ಎಡಕ್ಕೆ ಸರಿಸಿ, ಆಚೆಯ ಕೀ ಒತ್ತಿದಾಗ ಕೆಲಸ ನಡೆಯಿತು. ಅಂದರೆ ಕಮಾಂಡೂ ಅದರ ಪಕ್ಕದ ಕೀಯೂ ಜಾಗ ಬದಲಿಸಿಕೊಂಡಿದ್ದವು.

"ದೊಡ್ಡ ತಂಬಿ, ಈ ಕೀಬೋರ್ಡಲ್ಲಿ ಎರಡು ಕೀ ಅದಲುಬದಲಾಗಿವೆಯಲ್ಲ."

"ಹೊಸದಕ್ಕ. ಕೈ ಪಳಗಬೇಕು. ನೋಡ್ತೀನಿ ಬಿಡಿ."

ಮಧ್ಯಾಹ್ನ ಹಿಂದಿನ ಜಗಲಿಯಲ್ಲಿ ಕೂತು ಊಟದ ಡಬ್ಬಿ ಮುಗಿಸಿ ಬಂದಳು. ಬೆಳಗ್ಗೆಯ ಪಾಠದಂತೆ ಹೆಬ್ಬೆರಳನ್ನು ಎಡಕ್ಕೆ ಸರಿಸಿ ಒತ್ತಿದಳು. ಸಾಲು ಹೋಯಿತು, ಒಂಟಿ ಅಕ್ಷರ ಬಂತು. ಎಷ್ಟೋ ವರ್ಷದ ಹಳೆಯ ಜಾಗದಲ್ಲಿ ಒತ್ತಿದಳು. ಎಲ್ಲ ಸರಿಯಾಗಿ ನಡೆಯಿತು. ಹಾಗಾದರೆ ಬೆಳಗ್ಗೆ ಆದದ್ದೇನು? ಕಟ್ಟಳೆಯ ಪ್ರಕಾರ ಸಂಜೆ ಚಿಕ್ಕವನಿಗೂ ಹೇಳಿದಳು.

"ಬೆಳಗ್ಗೆ ಎರಡು ಕೀ ಅದಲುಬದಲಾಗಿತ್ತು ಚಿಕ್ಕ ತಂಬಿ."

"ಆಗದೆ ಏನಾಗತ್ತೆ, ಅಂಥ ಮಾಲು ತಂದ್ರೆ" ಎಂದು ಅವನು ನಕ್ಕ. "ನೀವು ಹೊರಡಿ ಅಕ್ಕ, ನಾನು ನೋಡ್ತೀನಿ."

ಮಾರನೆಯ ಬೆಳಗ್ಗೆ ಮತ್ತೆ ಕೆಟ್ಟಿತ್ತು. ಮಧ್ಯಾಹ್ನ ಸರಿಯಾಯಿತು. ಅದರ ಮಾರನೆಯ ದಿನವೂ ಅದೇ ಕತೆ. ಬೆಳಗ್ಗೆ ಕೈ ಹೇಳಿದ ಮಾತು ಕೇಳುವುದಿಲ್ಲ, ಊಟವಾದ ಮೇಲೆ ಕೇಳುತ್ತದೆ. ಕೀಬೋರ್ಡಿಗೇನು ಹೊಟ್ಟೆ ಹಸಿವೇ, ಊಟ ಮಾಡಿ ಸರಿಯಾಗಲು? ಊಟ ಮಾಡುತ್ತಿದ್ದವಳು ಅವಳು. ಹಾಗಾಗಿ ಕೆಡುತ್ತಿದ್ದುದೂ ಅವಳ ತಲೆಯೇ ಇರಬೇಕು ಎಂಬ ಯೋಚನೆ ಮೆಲ್ಲಗೆ ಒಳಗೆ ಬಂದು ಕೂತಿತು, ಮತ್ತೆ ಹೊರಗೆ ಹೋಗಲಿಲ್ಲ.

ಒಂದು ಬೆಳಗ್ಗೆ, ಕೆಲಸ ಮಾಡುವ ಕೀ ಯಾವುದೆಂದು ಚೆನ್ನಾಗಿ ನೋಡಿಕೊಂಡು, ಅದರ ಮೇಲೆ ಅರಿಶಿನದ ಬೊಟ್ಟು ಇಟ್ಟಳು. ಇನ್ನು ಕೈ ನಂಬಬೇಕಾಗಿಲ್ಲ, ತಲೆ ನಂಬಬೇಕಾಗಿಲ್ಲ, ಬೊಟ್ಟನ್ನು ನಂಬಿದರೆ ಸಾಕು ಎಂದು ಧೈರ್ಯ ತಂದುಕೊಂಡಳು. ಮಧ್ಯಾಹ್ನ ಆ ಬೊಟ್ಟಿನ ಕೀ ಒತ್ತಿದಳು. ಸಾಲು ಮಾಯವಾಯಿತು. ಪುಷ್ಪಕನಿ ಬಹಳ ಹೊತ್ತು ಆ ಹಳದಿ ಬೊಟ್ಟನ್ನೇ ನೋಡುತ್ತ ಕೂತಳು. ಬೊಟ್ಟು ಇಟ್ಟದ್ದು ಇದರ ಮೇಲೆಯೇ? ಪಕ್ಕದ್ದರ ಮೇಲೆ ಇಡಬೇಕೆಂದು ಹೊರಟು ಇದರ ಮೇಲೆ ಇಟ್ಟಳೇ? ಸೆರಗಿನ ತುದಿಯಿಂದ ಬೊಟ್ಟನ್ನು ಒರೆಸಿ ಹಾಕಿದಳು. ಅವತ್ತು ಮನೆಗೆ ಹೋಗಿ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಒಂದೊಂದು ಮೂಲೆಗೆ ದೂರ ದೂರ ಇಟ್ಟಳು.

ಆಮೇಲೆ ಅವಳಾಗಿ ದೂರು ಹೇಳುವುದನ್ನು ಬಿಟ್ಟಳು. ಆದರೆ ಅವರು ಬಿಡಬೇಕಲ್ಲ. ಬೆಳಗ್ಗೆ ದೊಡ್ಡವನು ಬಾಗಿಲಲ್ಲೇ ನಿಂತು, "ಇವತ್ತು ಹೇಗಿದೆ ಅಕ್ಕ ಕೀಬೋರ್ಡು?" ಎನ್ನುತ್ತಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, "ಹಾಗೇ ಇದೆ ತಂಬಿ" ಎನ್ನುತ್ತಿದ್ದಳು. ಅವನ ಮುಖದಲ್ಲಿ ಏನೋ ಹಾದು ಹೋಗುತ್ತಿತ್ತು. ಸಂಜೆ ಚಿಕ್ಕವನು ಕೇಳುತ್ತಿದ್ದ. "ಬೆಳಗ್ಗೆ ಮತ್ತೆ ಹಾಗೇ" ಎನ್ನುತ್ತಿದ್ದಳು. ಅವನ ಮುಖದಲ್ಲೂ ಅದೇ. ತಾಯಿ "ಅಪ್ಪ ಇನ್ನೂ ಊಟಕ್ಕೆ ಬರಲಿಲ್ಲ" ಎಂದಾಗ ತಾನು ಹೀಗೆಯೇ ಮುಖ ಮಾಡುತ್ತಿದ್ದೆ ಎಂದು ಅವಳಿಗೆ ಹೊಳೆಯಿತು.

ಕಾಳಿರಾಜನ್ ಒಂದು ದಿನ ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಡಾಕ್ಟರು ಬೇರೆ ಊರಿನಿಂದ ಬಂದ ಹುಡುಗ, ಒಳ್ಳೆಯವನು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದ, ಅವಳು ಪಟಪಟನೆ ಕಳೆದಳು. ಮೂರು ವಸ್ತುವಿನ ಹೆಸರು ಹೇಳಿ ಆಮೇಲೆ ಕೇಳಿದ, ಮೂರನ್ನೂ ಹೇಳಿದಳು. "ಇವತ್ತು ಯಾವ ವಾರ, ಯಾವ ತಾರೀಖು, ಯಾವ ವರ್ಷ ಹೇಳಿ ಅಮ್ಮ" ಎಂದ. ಅವಳು ವಾರ ಹೇಳಿದಳು, ತಾರೀಖು ಹೇಳಿದಳು, ಕೇಳದಿದ್ದರೂ ನಕ್ಷತ್ರ ಹೇಳಿದಳು. ತಾರೀಖು ಸರಿ, ವರ್ಷ ಮುಂದಿನದು. ವಾರವೂ ನಕ್ಷತ್ರವೂ ಅದಕ್ಕೆ ತಕ್ಕಂತೆ ಮುಂದಿನ ವರ್ಷದವೇ. ಅವತ್ತು ಬೆಳಗ್ಗೆ ಅವಳು ಕಟ್ಟಿದ್ದು ಅದೇ ಹಾಳೆ.

ಡಾಕ್ಟರು ಏನೋ ಬರೆದುಕೊಂಡ. ಕಾಳಿರಾಜನ್ ನೆಲ ನೋಡಿದ. ಹೋದ ವಾರ ತಾನೇ ಒಂದು ಚೆಕ್ಕಿನ ಮೇಲೆ ಮುಂದಿನ ವರ್ಷ ಬರೆದು ಬ್ಯಾಂಕಿನವರು ವಾಪಸು ಕಳಿಸಿದ್ದು ಅವನಿಗೆ ನೆನಪಾಗಲಿಲ್ಲ. ಊರಿಗೆ ಊರೇ ಮಾಡುವ ತಪ್ಪು ಒಬ್ಬ ಮುದುಕಿ ಮಾಡಿದಾಗ ರೋಗವಾಗುತ್ತದೆ. "ವಯಸ್ಸು. ಸ್ವಲ್ಪ ವಿಶ್ರಾಂತಿ ಕೊಡಿ, ಆಮೇಲೆ ನೋಡೋಣ" ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟ. ಅವಳು ಮಾತ್ರೆ ನುಂಗತೊಡಗಿದಳು. ಮಾತ್ರೆಗೆ ಬೆಳಗಿನ ಹೊತ್ತು ಮಂಪರು ಹತ್ತುತ್ತಿತ್ತು.

ದೀಪಾವಳಿ ಕಳೆದು ಕ್ಯಾಲೆಂಡರು ಅಚ್ಚಾಗಿ, ಹಾಳೆ ಜೋಡಿಸಿ, ನೆತ್ತಿಗೆ ತಗಡು ಹೊಡೆದು, ಕಟ್ಟು ಕಟ್ಟಾಗಿ ಊರೂರಿಗೆ ಹೋಯಿತು. ತಿರುನೆಲ್ವೇಲಿಯ ಒಬ್ಬ ಜವಳಿ ಅಂಗಡಿಯವನಿಂದ ಮೊದಲ ಫೋನು ಬಂತು. ತೈ ತಿಂಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮುಹೂರ್ತದ ದಿನ. ಆ ಹಾಳೆಯಲ್ಲಿ ಮುಹೂರ್ತದ ಸಾಲೇ ಇಲ್ಲ, ಆ ಜಾಗದಲ್ಲಿ ಒಂಟಿ ಅಕ್ಷರವೊಂದು ಪಿಶಾಚಿಯ ಹಾಗೆ ನಿಂತಿದೆ. ಮದುವೆ ಸೀರೆ ಮಾರುವವನ ಕ್ಯಾಲೆಂಡರಿನಲ್ಲಿ ಮದುವೆಯ ದಿನವೇ ಕಾಣೆ. ಆಮೇಲೆ ತೆಂಕಾಶಿ, ಕೋವಿಲ್‌ಪಟ್ಟಿ, ಒಂದರ ಹಿಂದೆ ಒಂದು. ಪುಷ್ಪಕನಿ ಆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಇದನ್ನು ಕಟ್ಟಿದ ಬೆಳಗ್ಗೆ ಅವಳಿಗೆ ನೆನಪಿಗೆ ಬರಲಿಲ್ಲ. ನೆನಪಿಗೆ ಬರಲಿಲ್ಲ ಎಂಬುದೇ ಅವಳನ್ನು ಕೊಂದಿತು.

ಈಗ ಅಣ್ಣತಮ್ಮಂದಿರಿಗೊಂದು ಪೇಚು ಬಂತು. ಕನಿಯಕ್ಕನನ್ನು ಏನು ಮಾಡುವುದು ಎಂದು ತೀರ್ಮಾನ ಮಾಡಬೇಕು, ಆದರೆ ಆ ಮಾತನ್ನು ಕನಿಯಕ್ಕನ ಕೈಯಲ್ಲೇ ಹೇಳಿ ಕಳಿಸಲು ಆಗುವುದಿಲ್ಲ. ಅದೊಂದು ಮಾತಿಗೆ ಆಳು ಸಿಗದೆ ಇಬ್ಬರೂ ತಾವಾಗಿ ಬಾಯಿ ಬಿಡಬೇಕಾಯಿತು. ತಂದೆ ಸತ್ತಾಗಿನಿಂದ ಆಡದ ಮಾತನ್ನು ಗೋಡೆಯ ಆಚೆ ಈಚೆ ನಿಂತು ಆಡಿದರು.

ಶುಕ್ರವಾರ ಅವಳನ್ನು ಮುಂದಿನ ಕೋಣೆಗೆ ಕರೆದರು. ಒಳಗೆ ಕಾಲಿಟ್ಟವಳಿಗೆ ಕಂಡದ್ದು, ಹಾರ ಹಾಕಿದ ತಂದೆಯ ಫೋಟೋದ ಕೆಳಗೆ ಇಬ್ಬರೂ ಪಕ್ಕ ಪಕ್ಕ ಕೂತಿರುವುದು. ಒಂದೇ ತಟ್ಟೆಯಲ್ಲಿ ಇಬ್ಬರಿಗೂ ವಡೆ. ಯಾಕೆ ಕರೆದರು ಎಂಬುದನ್ನೇ ಮರೆತು ಅವಳ ಕಣ್ಣು ತುಂಬಿತು.

"ಮಾತಾಡ್ತಿದ್ದೀರಾ ಇಬ್ರೂ?"

"ಮಾತಾಡಿದ್ವಿ ಅಕ್ಕ" ಎಂದ ಕಾಳಿರಾಜನ್.

"ನನ್ನಪ್ಪಂದಿರಾ, ಈಗ ನನಗೆ ಏನೇ ಆದ್ರೂ ಚಿಂತೆ ಇಲ್ಲ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾರಿಯಮ್ಮ ಕಣ್ಣು ಬಿಟ್ಟಳು. ನಿಮ್ಮಪ್ಪ ಇರಬೇಕಿತ್ತು."

ಮಾರೀಶ್ವರನ್ ಕೆಮ್ಮಿದ. "ಕೂತ್ಕೊಳ್ಳಿ ಅಕ್ಕ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ನೀವು ಇಷ್ಟು ವರ್ಷ ದುಡಿದಿದ್ದೀರಿ. ಇನ್ನು ಮನೇಲಿ ಸುಮ್ನೆ ಇರಿ. ತಿಂಗಳು ತಿಂಗಳು ಏನು ಬೇಕೋ ನಾವು ಕೊಡ್ತೀವಿ. ಸೋಮವಾರದಿಂದ ಸಾತ್ತೂರಿನ ಹೆಂಗಸೊಬ್ಬಳು ಬರ್ತಾಳೆ."

ಅವಳು ಕ್ಷಮೆ ಕೇಳುವವಳ ಹಾಗೆ, "ಮಧ್ಯಾಹ್ನ ಸರಿಯಾಗೇ ಇರ್ತೀನಿ ತಂಬಿ" ಎಂದಳು. "ಬೆಳಗ್ಗೆ ಮಾತ್ರ ಆ ಕೀಬೋರ್ಡು..."

"ಅಕ್ಕ, ಕೀಬೋರ್ಡಿನ ಮಾತು ಬಿಡಿ" ಎಂದ ಮಾರೀಶ್ವರನ್, ಮಗುವಿಗೆ ಹೇಳುವ ದನಿಯಲ್ಲಿ. "ಅದರಲ್ಲಿ ಏನೂ ಇಲ್ಲ. ನಿಮಗೆ ಬೇಜಾರಾಗತ್ತೆ ಅಂತ ಇಷ್ಟು ದಿನ ಹೇಳ್ಲಿಲ್ಲ. ನೀವು ಕೆಟ್ಟಿದೆ ಅಂದ ದಿನವೆಲ್ಲ ನಾನೇ, ನೀವು ಊಟಕ್ಕೆ ಹೋದಾಗ ಬಂದು, ಅದರ ಹೊಟ್ಟೆ ಕೆಳಗೆ ಒಂದು ಸಣ್ಣ ಸ್ವಿಚ್ ಇದೆ, ಅದನ್ನ ಇರೋ ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ಸರಿ ಮಾಡ್ತಿದ್ದೆ. ಆ ಎರಡು ಕೀ ಅದಲುಬದಲು ಮಾಡೋ ಸ್ವಿಚ್ಚೇ ಅದು. ಅಂಗಡಿಯವನು ತೋರಿಸಿಕೊಟ್ಟಿದ್ದ. ದಿನಾ ಸರಿ ಮಾಡಿದ್ರೂ ಮಾರನೇ ದಿನ ನೀವು ಕೆಟ್ಟಿದೆ ಅಂತೀರಿ. ನಾನೇನು ತಿಳ್ಕೊಳ್ಳಲಿ ಹೇಳಿ."

ಕಾಳಿರಾಜನ್ ವಡೆಯನ್ನು ತಟ್ಟೆಗೆ ಇಟ್ಟ. "ಯಾವ ಸ್ವಿಚ್ಚು?"

"ಕೆಳಗಡೆ ಇದೆಯಲ್ಲೋ."

"ನಾನು ಮಷೀನೊಳಗೆ ಮಾಡ್ತಿದ್ದೆನಲ್ಲ. ಸೆಟ್ಟಿಂಗಿಗೆ ಹೋಗಿ, ಇದರ ಕೆಲಸ ಅದಕ್ಕೆ, ಅದರ ಕೆಲಸ ಇದಕ್ಕೆ ಅಂತ. ಅಕ್ಕ ಮನೆಗೆ ಹೋದ ಮೇಲೆ."

"ಯಾವತ್ತು?"

"ದಿನಾ."

ಪುಷ್ಪಕನಿ ಒಬ್ಬನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು. ಎದ್ದಳು. "ಬನ್ನಿ" ಎಂದಳು. ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಅವಳ ಹಿಂದೆ ಪುಟ ಕಟ್ಟುವ ಕೋಣೆಗೆ ಹೋದರು.

ಅವಳು ಒಂದು ಹಾಳೆ ತೆರೆದಳು. ಒಂದು ಸಾಲು ಗುರುತು ಮಾಡಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅದರ ಹಳೆಯ ಜಾಗದಲ್ಲಿಟ್ಟು ಕಾಪಿ ಒತ್ತಿದಳು. ಸಾಲು ಹೋಯಿತು. "ದೊಡ್ಡ ತಂಬಿ, ನೀನು ಮಾಡೋದನ್ನ ಮಾಡು." ಅವನು ಕೀಬೋರ್ಡು ತಿರುವಿ ಸ್ವಿಚ್ ತಳ್ಳಿದ. ಅವಳು ಮತ್ತೊಂದು ಸಾಲು ಗುರುತು ಮಾಡಿ ಒತ್ತಿದಳು. ಸಾಲು ನಿಂತಿತು, ಪಕ್ಕದ ಹಾಳೆಗೆ ಹೋಗಿ ಚೆನ್ನಾಗಿ ಕೂತಿತು. "ಚಿಕ್ಕ ತಂಬಿ, ಈಗ ನೀನು ಮಾಡೋದನ್ನ ಮಾಡು." ಅವನು ಮೌಸ್ ಹಿಡಿದು ಎರಡು ಕಡೆ ಒತ್ತಿದ. ಅವಳು ಒತ್ತಿದಳು. ಸಾಲು ಹೋಯಿತು, ಒಂಟಿ ಅಕ್ಷರ ಬಂತು.

ಪುಷ್ಪಕನಿ ನಕ್ಕಳು. ಜೋರಾಗಿಯೇ ನಕ್ಕಳು. ಮಧ್ಯಾಹ್ನ ಒಬ್ಬ ಸರಿ ಮಾಡುತ್ತಿದ್ದ, ಸಂಜೆ ಇನ್ನೊಬ್ಬ ಅದರ ಮೇಲೆ ಸರಿ ಮಾಡಿ ಕೆಡಿಸುತ್ತಿದ್ದ. ತಮ್ಮನಿಗೆ ಗೊತ್ತಾದರೆ ತಾನು ತಂದ ಮಾಲನ್ನು ಆಡಿಕೊಳ್ಳುತ್ತಾನೆಂದು ಅಣ್ಣ ಗುಟ್ಟು ಮಾಡಿದ. ಅಣ್ಣ ತಂದ ಕೀಬೋರ್ಡನ್ನು ತಾನು ಸರಿ ಮಾಡಿದೆನೆಂದರೆ ಆ ಮಾತನ್ನೂ ಅಕ್ಕ ಹೊತ್ತುಕೊಂಡು ಹೋಗಬೇಕಲ್ಲ ಎಂದು ತಮ್ಮ ಗುಟ್ಟು ಮಾಡಿದ. ತಾನು ಸರಿ ಮಾಡಿದ್ದೇನೆ ಎಂಬುದು ಇಬ್ಬರಿಗೂ ಖಾತ್ರಿ. ಆದ್ದರಿಂದ ಕೆಟ್ಟಿರುವುದು ಅಕ್ಕನೇ ಎಂಬುದೂ ಇಬ್ಬರಿಗೂ ಖಾತ್ರಿ. ಇಷ್ಟೇ. ಅವಳ ತಲೆಗೆ ಏನೂ ಆಗಿರಲಿಲ್ಲ. ಬೊಟ್ಟು ಇಟ್ಟದ್ದು ಸರಿಯಾದ ಕೀ ಮೇಲೆಯೇ. ಅವಳಿಗೆ ಆದ ಸಂತೋಷ ಎಂಥದೆಂದರೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. "ಪಾಪಿಗಳಾ" ಎಂದು ಇಬ್ಬರ ತಲೆಗೂ ಒಂದೊಂದು ಮೊಟಕಿದಳು. "ಸೋಮವಾರ ಬೆಳಗ್ಗೆ ಬರ್ತೀನಿ. ತಿದ್ದಿದ ಹಾಳೆ ಅಚ್ಚು ಮಾಡಿ ಎಲ್ಲರಿಗೂ ಕಳಿಸೋಣ. ಇನ್ನು ಈ ಕೀಬೋರ್ಡು ಮಾತ್ರ ಇಬ್ಬರಲ್ಲಿ ಯಾರೂ ಮುಟ್ಟಬೇಡಿ."

ಇಬ್ಬರೂ ನಗಲಿಲ್ಲ. ಮಾರೀಶ್ವರನ್ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ.

"ಊರಿಗೆಲ್ಲ ಹೇಳಿ ಆಗಿದೆಯಲ್ಲ ಅಕ್ಕ" ಎಂದ ಮಾರೀಶ್ವರನ್.

"ಏನಂತ?"

"ಫೋನ್ ಮಾಡಿದವರಿಗೆಲ್ಲ ಏನಾದ್ರೂ ಹೇಳ್ಬೇಕಿತ್ತಲ್ಲ. ನಮ್ಮ ಅಕ್ಕನಿಗೆ ಹುಷಾರಿಲ್ಲ, ಅವರಮ್ಮನಿಗೆ ಆದ ಹಾಗೇ ಆಗ್ತಿದೆ, ಬಿಡಿಸೋಕೆ ಮನಸ್ಸು ಬರದೆ ಇಟ್ಕೊಂಡಿದ್ವಿ ಅಂದ್ವಿ. ಅವರೂ ಪಾಪ ಅಂದ್ರು. ಅಂಥವರನ್ನ ಇಷ್ಟು ದಿನ ಸಾಕಿದ್ದೀರಲ್ಲ, ದೊಡ್ಡ ಮನಸ್ಸು ಅಂದ್ರು. ತಿರುನೆಲ್ವೇಲಿಯವನು ಮುಂದಿನ ವರ್ಷದ ಆರ್ಡರೂ ಇಲ್ಲೇ ಅಂದ."

"ಹಾಗಲ್ಲ, ಹೀಗಾಗಿತ್ತು ಅಂತ ಈಗ ಹೇಳಿ."

"ಏನಂತ ಹೇಳೋದು ಅಕ್ಕ?" ಎಂದ ಕಾಳಿರಾಜನ್. "ಅಣ್ಣತಮ್ಮ ಮಾತು ಬಿಟ್ಟಿದ್ವಿ, ಅವನು ತಳ್ಳಿದ, ನಾನು ಎಳೆದೆ, ಅದಕ್ಕೆ ನಿಮ್ಮ ಮುಹೂರ್ತ ಹೋಯ್ತು ಅಂತಾನಾ? ಆಮೇಲೆ ಯಾವನು ನಮ್ಮ ಹತ್ರ ಅಚ್ಚು ಹಾಕಿಸ್ತಾನೆ? ವಯಸ್ಸಾದವರು ತಪ್ಪು ಮಾಡಿದ್ರೆ ಜನ ಕ್ಷಮಿಸ್ತಾರೆ. ಯಜಮಾನರು ಮಾಡಿದ್ರೆ ಕ್ಷಮಿಸ್ತಾರಾ?"

"ಹಾಗಾದ್ರೆ ನಾನು ಹುಚ್ಚಿ ಅಂತಾನೇ ಇರ್ಲಾ?"

"ಹುಚ್ಚಿ ಅಂತ ಯಾರಂದ್ರು ಅಕ್ಕ? ಮರೆವು ಅಂದ್ವಿ, ಅಷ್ಟೇ."

"ಅಷ್ಟೇ" ಎಂದ ಮಾರೀಶ್ವರನ್ನೂ. ತಂದೆ ಸತ್ತ ಮೇಲೆ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಅವಳು ಕೀಬೋರ್ಡಿನ ಮೇಲೆ ಕೈಯಿಟ್ಟಳು. "ನೀವಿಬ್ರೂ ಮಾತಾಡೋ ಹಾಗಾಗ್ಲಿ ಅಂತ ಬೇಡ್ಕೊಂಡೆ ತಂಬಿ" ಎಂದಳು. "ಏನು ಮಾತಾಡ್ಬೇಕು ಅಂತ ಬೇಡ್ಕೊಳ್ಳೋದನ್ನ ಮಾತ್ರ ನಿಜವಾಗ್ಲೂ ಮರೆತೆ." ಊಟದ ಡಬ್ಬಿ ತೆಗೆದುಕೊಂಡಳು, ಕನ್ನಡಕ ತೆಗೆದುಕೊಂಡಳು, ಹೊರಗೆ ಬಂದಳು. ಬೀದಿಯ ತಿರುವಿನವರೆಗೆ ಬಿಡುತ್ತೇನೆಂದು ಕಾಳಿರಾಜನ್ ಸ್ಕೂಟರು ತೆಗೆದ. ಅವಳು ಹತ್ತಲಿಲ್ಲ.

ಶಿವಕಾಶಿಯಲ್ಲಿ ಅಚ್ಚುಮನೆಗೇನು ಬರವಿಲ್ಲ. ಕನಿಯಕ್ಕನ ಕೈ ಎಂದರೆ ಒಂದು ಕಾಲದಲ್ಲಿ ನಾ ಮುಂದೆ ತಾ ಮುಂದೆ ಎಂದು ಕರೆಯುತ್ತಿದ್ದರು. ಅವಳು ಒಂದೊಂದಾಗಿ ಹತ್ತಿಳಿದಳು. ಎಲ್ಲ ಕಡೆ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಬಿಸಿ ಇದೆ ಜೋಪಾನ ಎಂದರು. ಕಿವಿ ಕೇಳದವಳೊಂದಿಗೆ ಮಾತಾಡುವಂತೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಮಾತಾಡಿದರು. ಅವಳು ನಡೆದದ್ದನ್ನು ಹೇಳಲು ಹೊರಡುತ್ತಿದ್ದಳು: "ಕೆಳಗೊಂದು ಸ್ವಿಚ್ಚಿದೆ. ಅದನ್ನ ಮಧ್ಯಾಹ್ನ ಅಣ್ಣ ತಳ್ತಿದ್ದ. ಒಳಗೊಂದು ಸೆಟ್ಟಿಂಗಿದೆ. ಅದನ್ನ ಸಂಜೆ ತಮ್ಮ ಬದಲಿಸ್ತಿದ್ದ. ಒಂದು ಸಲ ಬದಲಾದ್ರೆ ಸರಿ, ಎರಡು ಸಲ ಬದಲಾದ್ರೆ ತಪ್ಪು, ಅದಕ್ಕೇ ಬೆಳಗ್ಗೆ..." ಅಷ್ಟರಲ್ಲಿ ಎದುರಿಗಿದ್ದವರ ಕಣ್ಣು ಬೇರೆಯಾಗುತ್ತಿತ್ತು. ಅವಳಿಗೇ ತನ್ನ ಮಾತು ಕೇಳಿಸುತ್ತಿತ್ತು. ದಿನಾ ಯಾರೋ ಕದ್ದು ಬಂದು ನನ್ನ ಕೀ ಅದಲುಬದಲು ಮಾಡುತ್ತಿದ್ದರು ಎನ್ನುವ ಮುದುಕಿಯನ್ನು ತಾನಾದರೂ ನಂಬುತ್ತಿದ್ದೆನೇ? "ಹೌದಕ್ಕ, ಹೌದು. ಅವರದೇ ತಪ್ಪು" ಎಂದು ಅವರು ತಲೆಯಾಡಿಸುತ್ತಿದ್ದರು. ರಸ್ತೆ ದಾಟುವಾಗ ಯಾರಾದರೊಬ್ಬರು ಬಂದು ರಟ್ಟೆ ಹಿಡಿದುಕೊಳ್ಳುತ್ತಿದ್ದರು.

ಪಕ್ಕದ ಮನೆಯ ರಾಜಕಿಳಿ ದಿನಾ ಸಂಜೆ ಬಂದು, ಗ್ಯಾಸ್ ಆರಿಸಿದ್ದಾಳೋ ಇಲ್ಲವೋ ಎಂದು ಹಣಕಿ ನೋಡಿ ಹೋಗತೊಡಗಿದಳು. ಪುಷ್ಪಕನಿ ಅವಳಿಗೂ ಹೇಳಿದಳು, ಬಾಗಿಲಲ್ಲಿ ನಿಲ್ಲಿಸಿಕೊಂಡು, ಎರಡು ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು, ಇದು ಆ ಕೀ, ಇದು ಈ ಕೀ ಎಂದು ಅತ್ತಿಂದಿತ್ತ ಮಾಡಿ ತೋರಿಸಿ, ದನಿ ಏರಿಸಿ, ಅತ್ತು. ರಾಜಕಿಳಿ ಮೆಲ್ಲಗೆ ಅವಳ ಕೈಯಿಂದ ಬೆಂಕಿಪೊಟ್ಟಣ ಬಿಡಿಸಿಕೊಂಡು ಹೋದಳು.

ಆಮೇಲೆ ಪುಷ್ಪಕನಿ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಯಾರಾದರೂ ಪವಳಂ ಆಫ್‌ಸೆಟ್ಟಿನ ಹೆಸರು ತೆಗೆದರೂ ಸುಮ್ಮನೆ ಕೂತಿರುತ್ತಿದ್ದಳು. ಬೀದಿಯ ಜನ ಅದನ್ನು ಗಮನಿಸಿದರು. ಪಾಪ, ಈಗ ಅದನ್ನೂ ಮರೆತಳು ಎಂದರು.